ಎರಡು ಟೆಸ್ಟ್, ಐನೂರು ಚಿತ್ರ

ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ರೈಲಿನಲ್ಲಿ ಹೋಗುವವರಿಗೆಲ್ಲ ಅರಸೀಕೆರೆ ಗೊತ್ತು. ಹಾಸನ, ಮೈಸೂರಿನ ಕಡೆಗೆ ಹಳಿ ಕವಲೊಡೆಯುವ ಜಂಕ್ಷನ್ ಅದು. ಗಾಡಿ ನಿಂತಾಗ ಇಳಿದು ಕಾಫಿ ಕುಡಿದು, ಸೀಟಿ ಊದಿದ ಕೂಡಲೇ ಮತ್ತೆ ಹತ್ತಿ ಹೋಗುವವರೇ ಹೆಚ್ಚು. ಊರೊಳಗೆ ಹೆಜ್ಜೆ ಇಡುವವರು ಕಡಿಮೆ. ಬೇಲೂರು, ಹಳೇಬೀಡು ನೋಡಬೇಕೆಂದು ಬಂದವರಿಗೂ ಅರಸೀಕೆರೆ ಎಂದರೆ ಬಸ್ಸು ಬದಲಿಸುವ ಜಾಗ. ಅಲ್ಲಿರುವ ಹೊಯ್ಸಳರ ಕಾಲದ ಶಿವಾಲಯವನ್ನು ನಿಂತು ನೋಡುವಷ್ಟು ಪುರುಸೊತ್ತು ಎಷ್ಟು ಜನರಿಗಿರುತ್ತದೆ?

ಹೀಗೆ ಎಲ್ಲರೂ ಹಾದುಹೋಗುವ ಈ ಊರಿನಲ್ಲಿ ಹುಟ್ಟಿದ ಇಬ್ಬರ ವಿಷಯವನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಒಬ್ಬರು ಚಲನಚಿತ್ರದ ಪೋಷಕ ನಟ, ಟಿ.ಎನ್. ಬಾಲಕೃಷ್ಣ, ಕನ್ನಡಿಗರ ಪ್ರೀತಿಯ ಬಾಲಣ್ಣ. ಇನ್ನೊಬ್ಬರು ವೇಗದ ಬೌಲರ್ ಡೇವಿಡ್ ಜಾನ್ಸನ್. ಬಾಲಣ್ಣ ಅಭಿನಯಿಸಿದ್ದು 500ಕ್ಕೂ ಹೆಚ್ಚು ಚಿತ್ರಗಳಲ್ಲಿ. ಜಾನ್ಸನ್ ಭಾರತದ ಪರವಾಗಿ ಆಡಿದ್ದು 2 ಟೆಸ್ಟ್ ಪಂದ್ಯ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಬೆಟ್ಟ, ಒಂದು ಹರಳು ಎನ್ನಿಸಬಹುದು. ನನಗೂ ಒಂದು ಕಾಲಕ್ಕೆ ಹಾಗೆಯೇ ಅನ್ನಿಸಿತ್ತು. ಆ ಲೆಕ್ಕದಲ್ಲಿ ನಾನು ಎಲ್ಲಿ ಎಡವಿದೆ ಎಂಬುದನ್ನು ಹೇಳುವುದಕ್ಕೇ ಈ ಮಾತು.

ಮೊದಲು ಬಾಲಣ್ಣನವರ ಕಥೆ. ಬಡ ಕುಟುಂಬದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಕಿವಿ ಕೇಳಿಸದಂತಾದ ಹುಡುಗ. ನಾಟಕದ ಗೀಳು ಹಿಡಿದು ರಂಗಭೂಮಿಯ ಹಾದಿ ಹಿಡಿದರು. 1943ರಲ್ಲಿ ತೆರೆಕಂಡ 'ರಾಧಾರಮಣ' ಚಿತ್ರದಿಂದ ಸಿನಿಮಾಕ್ಕೆ ಬಂದರು. ಜಿ.ವಿ. ಅಯ್ಯರ್ ಅವರಿಗೂ ಅದೇ ಮೊದಲ ಚಿತ್ರ. ಅಲ್ಲಿಂದ ಮುಂದೆ ಐದು ದಶಕಗಳ ಕಾಲ ಕುಹಕಿ, ಜಿಪುಣ, ಮಾವ, ಗೌಡ, ಶಾನುಭೋಗ, ಪುರೋಹಿತ, ಊರ ಹಿರಿಯ ಹೀಗೆ ಅವರು ಹಾಕದ ವೇಷವಿಲ್ಲ. 1961ರ 'ಕಣ್ತೆರೆದು ನೋಡು' ಚಿತ್ರ ನೋಡಿದವರು ಅವರನ್ನು ಮರೆಯಲಾರರು. 1972ರ 'ಬಂಗಾರದ ಮನುಷ್ಯ'ದಲ್ಲಿ ನಾಯಕ ರಾಜೀವನ ಬೆನ್ನಿಗೆ ನಿಲ್ಲುವ ರಾಚೂಟಪ್ಪನಂತೂ ನಮ್ಮ ಮನೆಯ ಹಿರಿಯನೇ ಆಗಿಬಿಟ್ಟ.

ಕಿವಿ ಕೇಳದ ನಟ ಎಂದೆ. ಈ ಮಾತಿನ ತೂಕ ಸುಲಭವಾಗಿ ತಿಳಿಯುವುದಿಲ್ಲ. ಸ್ಟುಡಿಯೊದಲ್ಲಿ ಕೆಲಸ ಮಾಡುವ ನನ್ನಂಥವನಿಗೆ ಮಾತ್ರ ಅದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಒಬ್ಬ ನಟ ಮಾತು ಮುಗಿಸುತ್ತಾನೆ, ಇನ್ನೊಬ್ಬ ಎತ್ತಿಕೊಳ್ಳುತ್ತಾನೆ. ಆ ಎರಡು ಮಾತುಗಳ ನಡುವಿನ ಅಂತರದಲ್ಲಿಯೇ ನಗು ಹುಟ್ಟುತ್ತದೆ, ಸಿಟ್ಟು ಹುಟ್ಟುತ್ತದೆ. ನಮ್ಮ ಟೆಲಿವಿಷನ್‌ನಲ್ಲಿ ಒಂದು ಸೆಕೆಂಡಿಗೆ 25 ಚಿತ್ರಗಳು, ಅಂದರೆ 25 ಫ್ರೇಮ್‌ಗಳು ಓಡುತ್ತವೆ. ಸಿನಿಮಾದಲ್ಲಿ 24. ನಟನೊಬ್ಬ ಅರ್ಧ ಸೆಕೆಂಡು ತಡಮಾಡಿದರೆ 12 ಫ್ರೇಮ್ ಹೋಯಿತು, ಜೊತೆಗೆ ನಗೆಯೂ ಹೋಯಿತು. ಕಿವಿ ಸರಿಯಿರುವ ನಟರೇ ಇದರಲ್ಲಿ ತಪ್ಪುತ್ತಾರೆ. ಬಾಲಣ್ಣನವರಾದರೋ ಎದುರಿನವರ ತುಟಿಯ ಚಲನೆ ನೋಡುತ್ತಿದ್ದರು, ತಮ್ಮ ಮಾತಿನ ಜೊತೆಗೆ ಅವರ ಮಾತನ್ನೂ ಬಾಯಿಪಾಠ ಮಾಡಿಕೊಳ್ಳುತ್ತಿದ್ದರು ಎಂದು ಅವರೊಡನೆ ದುಡಿದವರು ಹೇಳುತ್ತಿದ್ದರು. ಅಂದರೆ ಒಂದು ದೃಶ್ಯಕ್ಕೆ ಉಳಿದವರು ಒಂದು ಪಾಲು ಸಿದ್ಧತೆ ಮಾಡಿದರೆ ಇವರು ಎರಡು ಪಾಲು ಮಾಡಬೇಕಿತ್ತು. ತೆರೆಯ ಮೇಲೆ ಅದರ ಸುಳಿವನ್ನೇ ಕೊಡಲಿಲ್ಲ. ಎಷ್ಟೋ ಪ್ರೇಕ್ಷಕರಿಗೆ ಅವರ ಕಿವಿಯ ವಿಷಯ ಗೊತ್ತೇ ಇರಲಿಲ್ಲ.

ಅವರು ಬರೀ ನಟರಾಗಿ ಉಳಿಯಲಿಲ್ಲ. ಕನ್ನಡ ಚಿತ್ರಗಳಿಗೆ ಹಣ ಹೂಡುವವರು ವಿರಳವಾಗಿದ್ದ ಕಾಲದಲ್ಲಿ ರಾಜ್‌ಕುಮಾರ್, ಜಿ.ವಿ. ಅಯ್ಯರ್, ನರಸಿಂಹರಾಜು ಮತ್ತು ಬಾಲಕೃಷ್ಣ ಸೇರಿ ಕಲಾವಿದರದೇ ಒಂದು ಸಂಘ ಕಟ್ಟಿದರು. ಅದರ ಹೆಸರಿನಲ್ಲಿ 1960ರಲ್ಲಿ ಬಂದದ್ದೇ 'ರಣಧೀರ ಕಂಠೀರವ'. ಆಗ ಕನ್ನಡ ಚಿತ್ರಗಳು ಬಹುಪಾಲು ಮದ್ರಾಸಿನಲ್ಲಿ ತಯಾರಾಗುತ್ತಿದ್ದವು. ನಮ್ಮ ನೆಲದಲ್ಲಿ ನಮ್ಮದೇ ಸ್ಟುಡಿಯೊ ಬೇಕೆಂದು ಹಟ ಹಿಡಿದ ಬಾಲಣ್ಣ ಕೆಂಗೇರಿಯ ಬಳಿ ಅಭಿಮಾನ್ ಸ್ಟುಡಿಯೊ ಕಟ್ಟಿದರು. ಅದು ಅವರ ಕನಸಿನಷ್ಟು ಬೆಳೆಯಲಿಲ್ಲ. ದುಡಿದ ಹಣ ಅದಕ್ಕೇ ಹೋಯಿತು. 2009ರ ಡಿಸೆಂಬರಿನಲ್ಲಿ ನಟ ವಿಷ್ಣುವರ್ಧನ್ ಅವರ ಅಂತ್ಯಸಂಸ್ಕಾರ ನಡೆದದ್ದು ಅದೇ ಅಂಗಳದಲ್ಲಿ. ಅಷ್ಟು ಹೊತ್ತಿಗೆ ಬಾಲಣ್ಣ ತೀರಿಕೊಂಡು 14 ವರ್ಷಗಳಾಗಿದ್ದವು. ಅವರು ನಿಧನರಾದದ್ದು 1995ರಲ್ಲಿ.

ಅದರ ಮರುವರ್ಷವೇ ಅರಸೀಕೆರೆಯ ಹೆಸರು ಮತ್ತೆ ಪತ್ರಿಕೆಗಳಲ್ಲಿ ಬಂತು. ಈ ಸಲ ಕ್ರೀಡಾಪುಟದಲ್ಲಿ.

1996ರ ಅಕ್ಟೋಬರ್. ದೆಹಲಿಯ ಫಿರೋಜ್ ಶಾ ಕೋಟ್ಲಾದಲ್ಲಿ ಆಸ್ಟ್ರೇಲಿಯದ ವಿರುದ್ಧ ಒಂದೇ ಒಂದು ಟೆಸ್ಟ್. ಬಾರ್ಡರ್–ಗಾವಸ್ಕರ್ ಟ್ರೋಫಿ ಆರಂಭವಾದದ್ದು ಆ ಪಂದ್ಯದಿಂದಲೇ. ಸಚಿನ್ ತೆಂಡೂಲ್ಕರ್ ನಾಯಕನಾಗಿ ಆಡಿದ ಮೊದಲ ಟೆಸ್ಟ್ ಕೂಡ ಅದೇ. ಜಾವಗಲ್ ಶ್ರೀನಾಥ್ ಗಾಯಗೊಂಡಿದ್ದರಿಂದ ಅವರ ಜಾಗಕ್ಕೆ ಬಂದವರು 1971ರಲ್ಲಿ ಅರಸೀಕೆರೆಯಲ್ಲಿ ಹುಟ್ಟಿದ ಡೇವಿಡ್ ಜಾನ್ಸನ್.

ಇಲ್ಲೊಂದು ಸ್ವಾರಸ್ಯವಿದೆ. ಅರಸೀಕೆರೆಯಿಂದ ಬಾಣಾವರದ ಮೇಲೆ ಹಳೇಬೀಡಿಗೆ ಹೋಗುವ ದಾರಿಯಲ್ಲಿ ಜಾವಗಲ್ಲು ಸಿಗುತ್ತದೆ. ಅದು ಅರಸೀಕೆರೆ ತಾಲ್ಲೂಕಿನದೇ ಊರು. ಶ್ರೀನಾಥ್ ಹುಟ್ಟಿ ಬೆಳೆದದ್ದು ಮೈಸೂರಿನಲ್ಲಾದರೂ ಹೆಸರಿನ ಮುಂದೆ ತಮ್ಮ ಹಿರೀಕರ ಊರನ್ನು ಹೊತ್ತು ಜಗತ್ತೆಲ್ಲ ತಿರುಗಿದವರು. ಅಂದರೆ ಒಂದೇ ತಾಲ್ಲೂಕಿನ ನಂಟಿರುವ ಒಬ್ಬ ವೇಗಿಗೆ ಗಾಯವಾದಾಗ, ಅದೇ ತಾಲ್ಲೂಕಿನ ಮತ್ತೊಬ್ಬ ವೇಗಿಗೆ ಬಾಗಿಲು ತೆರೆಯಿತು.

ನಾನಾಗ ಹೈಸ್ಕೂಲು ಹುಡುಗ. ಅರಸೀಕೆರೆಯಲ್ಲಿ ನಮ್ಮ ಚಿಕ್ಕಪ್ಪನ ಮನೆ. ದಸರಾ ರಜೆಗೆ ಅಲ್ಲಿಗೆ ಹೋಗಿದ್ದೆ. ಜಗುಲಿಯ ಮೇಲೆ ರೇಡಿಯೊ ಇಟ್ಟುಕೊಂಡು ಕೂತಿದ್ದೆವು. ಮೈಕೆಲ್ ಸ್ಲೇಟರ್ ಚೆಂಡನ್ನು ತಾಗಿಸಿ, ಸ್ಲಿಪ್‌ನಲ್ಲಿ ಅಜರುದ್ದೀನ್ ಅದನ್ನು ಹಿಡಿದಾಗ ಚಿಕ್ಕಪ್ಪ ಎದ್ದು ನಿಂತು, "ನಮ್ಮೂರ ಹುಡುಗ ಕಣೋ!" ಎಂದು ಬೀದಿಗೇ ಕೇಳುವಂತೆ ಕೂಗಿದರು. ಅವರಿಗೆ ಜಾನ್ಸನ್ನರ ಪರಿಚಯವೇನೂ ಇರಲಿಲ್ಲ. ಆದರೂ ಆ ದಿನ ಸಂಜೆ ಅಂಗಡಿಗೆ ಹೋದವರು ಎಲ್ಲರಿಗೂ ಕಾಫಿ ಕೊಡಿಸಿ ಬಂದರು.

ಆ ಪಂದ್ಯವನ್ನು ಭಾರತ 7 ವಿಕೆಟ್‌ಗಳಿಂದ ಗೆದ್ದಿತು. ಪಿಚ್ ಸ್ಪಿನ್ನರ್‌ಗಳದಾಗಿತ್ತು. ಅನಿಲ್ ಕುಂಬ್ಳೆ ಒಬ್ಬರೇ 9 ವಿಕೆಟ್ ಪಡೆದರು. ವೇಗದ ಬೌಲರ್‌ಗೆ ಅಲ್ಲಿ ಹೆಚ್ಚು ಕೆಲಸವಿರಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ಡರ್ಬನ್‌ನಲ್ಲಿ ಜಾನ್ಸನ್ ಎರಡನೆಯ ಟೆಸ್ಟ್ ಆಡಿದರು. ಶ್ರೀನಾಥ್, ವೆಂಕಟೇಶ್ ಪ್ರಸಾದ್, ಜಾನ್ಸನ್: ಮೂವರೂ ಕರ್ನಾಟಕದ ವೇಗಿಗಳೇ. ಪ್ರಸಾದ್ ಆ ಪಂದ್ಯದಲ್ಲಿ 10 ವಿಕೆಟ್ ಕಿತ್ತರು. ಜಾನ್ಸನ್‌ಗೆ ಹರ್ಷೆಲ್ ಗಿಬ್ಸ್ ಮತ್ತು ಬ್ರಯಾನ್ ಮ್ಯಾಕ್‌ಮಿಲನ್ ಅವರ ವಿಕೆಟ್ ಸಿಕ್ಕವು. ನಮ್ಮ ಬ್ಯಾಟಿಂಗ್ ಮಾತ್ರ 100 ಮತ್ತು 66ಕ್ಕೆ ಕುಸಿದು, ಮೂರೇ ದಿನದಲ್ಲಿ ಪಂದ್ಯ ಕೈಬಿಟ್ಟಿತು. ಮುಂದಿನ ಕೇಪ್‌ಟೌನ್ ಟೆಸ್ಟಿಗೆ ಕರ್ನಾಟಕದವರೇ ಆದ ದೊಡ್ಡ ಗಣೇಶ್ ಬಂದರು. ಜಾನ್ಸನ್‌ಗೆ ಮತ್ತೆ ಕರೆ ಬರಲಿಲ್ಲ. 2 ಟೆಸ್ಟ್, 3 ವಿಕೆಟ್. ದಾಖಲೆ ಪುಸ್ತಕದಲ್ಲಿ ಒಂದೇ ಸಾಲು.

ಇನ್ನು ನನ್ನ ತಪ್ಪಿನ ವಿಷಯ.

ಕೆಲವು ವರ್ಷಗಳ ಹಿಂದೆ ಅರಸೀಕೆರೆ, ಬೇಲೂರು, ಹಳೇಬೀಡುಗಳ ಮೇಲೆ ಅರ್ಧ ಗಂಟೆಯ ಕಾರ್ಯಕ್ರಮವೊಂದನ್ನು ಸಿದ್ಧಪಡಿಸಲು ಹೊರಟಿದ್ದೆ. ನೋಟ್‌ಬುಕ್ಕಿನಲ್ಲಿ ಪಟ್ಟಿ ಬರೆದುಕೊಂಡೆ. ದೇವಾಲಯಗಳು, ತೆಂಗು, ರೈಲ್ವೆ ಜಂಕ್ಷನ್, ಬಾಲಣ್ಣ, ಶ್ರೀನಾಥ್, ಜಾನ್ಸನ್. ಅರ್ಧ ಗಂಟೆ ಎಂದರೆ ಶೀರ್ಷಿಕೆ, ಮುಕ್ತಾಯ ಕಳೆದು ನಿಜವಾಗಿ ಉಳಿಯುವುದು ಸ್ವಲ್ಪವೇ. ಯಾವುದನ್ನಾದರೂ ಬಿಡಲೇಬೇಕು. ನಾನು ವಿಜ್ಞಾನದ ವಿದ್ಯಾರ್ಥಿಯಾಗಿದ್ದವನು. ಅಂಕಿ ನೋಡಿ ತೀರ್ಮಾನ ಮಾಡುವುದು ಅಭ್ಯಾಸ. ಬಾಲಣ್ಣ, 500ಕ್ಕೂ ಹೆಚ್ಚು ಚಿತ್ರ. ಶ್ರೀನಾಥ್, 67 ಟೆಸ್ಟ್‌ಗಳಲ್ಲಿ 236 ವಿಕೆಟ್, ಏಕದಿನ ಪಂದ್ಯಗಳಲ್ಲಿ 315. ಜಾನ್ಸನ್, 2 ಟೆಸ್ಟ್. ಕೊನೆಯ ಹೆಸರಿನ ಮೇಲೆ ಗೆರೆ ಎಳೆದೆ. "ಮುಂದಿನ ಸಲ ನೋಡೋಣ" ಎಂದು ಪಕ್ಕದಲ್ಲಿ ಬರೆದದ್ದೂ ನೆನಪಿದೆ.

ಕಾರ್ಯಕ್ರಮ ನೋಡಿದ ಚಿಕ್ಕಪ್ಪ ಫೋನ್ ಮಾಡಿದರು. "ಎಲ್ಲಾ ಚೆನ್ನಾಗಿತ್ತು ಕಣಪ್ಪ. ಜಾನ್ಸನ್ ಎಲ್ಲಿ?" ಎಂದರು. "ಎರಡೇ ಟೆಸ್ಟ್ ಅಲ್ವಾ ಚಿಕ್ಕಪ್ಪ, ಟೈಮ್ ಇರಲಿಲ್ಲ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಬೀದೀಲಿ ಎಷ್ಟು ಹುಡುಗ್ರು ಬಾಲ್ ಹಾಕ್ತಿದ್ರು, ನಿಂಗೆ ಗೊತ್ತಲ್ಲ. ಅವರಲ್ಲಿ ಒಬ್ಬನಿಗಾದ್ರೂ ಒಂದು ಟೆಸ್ಟ್ ಸಿಕ್ಕಿತಾ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

2024ರ ಜೂನ್ 20ರಂದು ಬೆಂಗಳೂರಿನಿಂದ ಸುದ್ದಿ ಬಂತು. ಡೇವಿಡ್ ಜಾನ್ಸನ್ ಇನ್ನಿಲ್ಲ. ಆಗ ಅವರಿಗೆ 52 ವರ್ಷ. ಮುಂದಿನ ಸಲ ಎಂಬುದು ಬರಲೇ ಇಲ್ಲ. ನನ್ನ ಕ್ಯಾಮೆರಾ ಇತ್ತು, ಅವರಿದ್ದರು, ಒಂದೇ ನಗರದಲ್ಲಿ ಇಬ್ಬರೂ ಇದ್ದೆವು. ಅವರ ಮಾತಿನ ಹತ್ತು ನಿಮಿಷ ನನ್ನ ಬಳಿ ಇರಬೇಕಿತ್ತು. ಇಲ್ಲ.

ಆ ರಾತ್ರಿ ಕೂತು ನನ್ನ ಲೆಕ್ಕವನ್ನು ಮತ್ತೆ ಮಾಡಿ ನೋಡಿದೆ. ನಿಮ್ಮೆದುರೂ ಒಮ್ಮೆ ಮಾಡುತ್ತೇನೆ.

ಗಂಟೆಗೆ 150 ಕಿಲೋಮೀಟರ್ ವೇಗದ ಚೆಂಡು ಸೆಕೆಂಡಿಗೆ ಸುಮಾರು 42 ಮೀಟರ್ ಸಾಗುತ್ತದೆ. ಬೌಲರ್ ಕೈಯಿಂದ ಬ್ಯಾಟಿನವರೆಗೆ ಇರುವ ದೂರ 18 ಮೀಟರಿನ ಆಸುಪಾಸು. ಗಾಳಿಯ ತಡೆ, ನೆಲಕ್ಕೆ ಬಿದ್ದಾಗಿನ ನಷ್ಟ ಎಲ್ಲ ಸೇರಿಸಿದರೂ ಬ್ಯಾಟ್ಸ್‌ಮನ್‌ಗೆ ಸಿಗುವ ಸಮಯ 0.45 ಸೆಕೆಂಡ್ ಇರಬಹುದು. ನಮ್ಮ ಟೆಲಿವಿಷನ್ ಲೆಕ್ಕದಲ್ಲಿ 11 ಫ್ರೇಮ್. ಕಣ್ಣು ನೋಡಿದ್ದು ಮಿದುಳಿಗೆ ತಲುಪಿ ಕೈ ಅಲುಗಾಡಲು ಅದರಲ್ಲಿ 5 ಫ್ರೇಮ್ ಹೋಗುತ್ತದೆ. ಉಳಿದ 6ರಲ್ಲಿ ಬ್ಯಾಟು ಬೀಸಬೇಕು. ಭಾರತದಲ್ಲಿ ಆ ವೇಗದ ಹತ್ತಿರಕ್ಕೆ ಬರುತ್ತಿದ್ದವರು ಆ ಕಾಲದಲ್ಲಿ ಬೆರಳೆಣಿಕೆಯಷ್ಟು. ಜಾನ್ಸನ್ ಅವರಲ್ಲಿ ಒಬ್ಬರು. ದೆಹಲಿಯಲ್ಲಿ ಅವರ ಒಂದು ಎಸೆತ 157.8 ಕಿಲೋಮೀಟರ್ ಮುಟ್ಟಿತು ಎಂಬ ಮಾತು ಕ್ರಿಕೆಟ್ ಪ್ರಿಯರ ನಡುವೆ ಇಂದಿಗೂ ಓಡಾಡುತ್ತದೆ. ಬಾಲಣ್ಣ ತುಟಿ ನೋಡಿ ಹಿಡಿಯುತ್ತಿದ್ದ ಕ್ಷಣವೂ ಈ 11 ಫ್ರೇಮಿನ ಅಳತೆಯದೇ. ಇಬ್ಬರ ಕಸುಬೂ ಅರ್ಧ ಸೆಕೆಂಡಿನೊಳಗಿನದು. ಹಾಗಾದರೆ ಒಬ್ಬರಿಗೆ 500, ಇನ್ನೊಬ್ಬರಿಗೆ 2 ಹೇಗಾಯಿತು?

ಉತ್ತರ ಪ್ರತಿಭೆಯಲ್ಲಿ ಇಲ್ಲ, ಖಾಲಿ ಇರುವ ಜಾಗದಲ್ಲಿ ಇದೆ. ಪ್ರತಿ ಸಿನಿಮಾಕ್ಕೂ ಒಬ್ಬ ಅಪ್ಪ ಬೇಕು, ಒಬ್ಬ ಮಾವ ಬೇಕು, ಒಬ್ಬ ಗೌಡ ಬೇಕು, ಒಬ್ಬ ನಗಿಸುವವ ಬೇಕು. ನಾಯಕ ಯಾರೇ ಆದರೂ ಪೋಷಕ ನಟನಿಗೆ ಕೆಲಸ ಉಂಟು. ವಯಸ್ಸಾದಷ್ಟೂ ಪಾತ್ರಗಳು ಹೆಚ್ಚುತ್ತವೆ. ಅರಸೀಕೆರೆಯಲ್ಲಿಯೇ ಹುಟ್ಟಿದ ಇನ್ನೊಬ್ಬ ಪೋಷಕ ನಟ ದೊಡ್ಡಣ್ಣನವರನ್ನು ನೋಡಿ. ಭದ್ರಾವತಿಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಯಲ್ಲಿ ನೌಕರಿ ಮಾಡುತ್ತ, ನಾಟಕವಾಡುತ್ತ ಬಂದವರು. ಅವರಿಗೂ ನೂರಾರು ಚಿತ್ರಗಳು ಸಿಕ್ಕವು. ಈ ಕಸುಬಿನ ಮನೆಗೆ ಬಾಗಿಲುಗಳು ಬಹಳ. ದುಡಿಮೆ ಕಡಿಮೆ ಎಂದಲ್ಲ. ಒಂದು ಚಿತ್ರ ಬಿದ್ದುಹೋದರೆ ಮುಂದಿನ ವಾರ ಇನ್ನೊಂದರಲ್ಲಿ ತಿದ್ದಿಕೊಳ್ಳುವ ಅವಕಾಶವಿದೆ ಎಂದರ್ಥ.

ಟೆಸ್ಟ್ ತಂಡದ ಮನೆಗೆ ಇರುವುದು 11 ಬಾಗಿಲು. ಅದರಲ್ಲಿ ವೇಗಿಗಳಿಗೆ 2, ಹೆಚ್ಚೆಂದರೆ 3. ಜಾನ್ಸನ್ನರ ಕಾಲದಲ್ಲಿ ಆ ಎರಡೂ ಬಾಗಿಲಲ್ಲಿ ಅವರದೇ ರಾಜ್ಯದ ಶ್ರೀನಾಥ್ ಮತ್ತು ಪ್ರಸಾದ್ ನಿಂತಿದ್ದರು. ಮೂರನೆಯವನಿಗೆ ಇನ್ನೊಬ್ಬನ ಗಾಯವೇ ಅದೃಷ್ಟ. 1932ರಿಂದ ಈವರೆಗೆ ಭಾರತದ ಪರ ಟೆಸ್ಟ್ ಆಡಿದ ಪುರುಷರು ಸುಮಾರು 320 ಮಂದಿ ಮಾತ್ರ. ಜಾನ್ಸನ್ ಪ್ರಥಮ ದರ್ಜೆಯಲ್ಲಿ ಆಡಿದ 39 ಪಂದ್ಯಗಳಲ್ಲಿ 125 ವಿಕೆಟ್ ಪಡೆದಿದ್ದಾರೆ. ಪಂದ್ಯಕ್ಕೆ 3ಕ್ಕಿಂತ ಹೆಚ್ಚು. 1995–96ರ ರಣಜಿಯಲ್ಲಿ ಕೇರಳದ ವಿರುದ್ಧ ಒಂದೇ ಪಂದ್ಯದಲ್ಲಿ 10 ವಿಕೆಟ್. ಕರ್ನಾಟಕ ಆ ಸಲ ರಣಜಿ ಟ್ರೋಫಿ ಗೆದ್ದಿತು. ಪ್ರಯೋಗಾಲಯದಲ್ಲಿ ನಮ್ಮ ಮೇಷ್ಟ್ರು ಹೇಳುತ್ತಿದ್ದರು: ಎರಡು ಸಲ ಅಳೆದು ಫಲಿತಾಂಶ ಬರೆಯಬೇಡ, ಅಳತೆ ಸಾಲದು ಎಂದು ಬರೆ. ನಾನು ಅದನ್ನೇ ಮರೆತಿದ್ದೆ. 2 ಟೆಸ್ಟ್ ಎಂಬುದು ಜಾನ್ಸನ್ನರ ಯೋಗ್ಯತೆಯ ಅಳತೆಯಲ್ಲ. ಅವರಿಗೆ ಸಿಕ್ಕ ಅವಕಾಶದ ಅಳತೆ.

ಇಂಥ ಕಥೆ ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದಲ್ಲಿ ಬೇಸ್‌ಬಾಲ್ ಎಂದರೆ ನಮಗೆ ಕ್ರಿಕೆಟ್ ಇದ್ದ ಹಾಗೆ. ಅಲ್ಲಿ ಆರ್ಚಿಬಾಲ್ಡ್ ಗ್ರಹಾಂ ಎಂಬ ಆಟಗಾರನಿದ್ದ. 1905ರ ಜೂನ್ 29ರಂದು ನ್ಯೂಯಾರ್ಕ್ ಜೈಂಟ್ಸ್ ತಂಡದ ಪರವಾಗಿ, ಪಂದ್ಯ ಮುಗಿಯುತ್ತ ಬಂದಾಗ ಅವನನ್ನು ಫೀಲ್ಡಿಂಗ್‌ಗೆ ಇಳಿಸಿದರು. ಅವನ ಬ್ಯಾಟಿಂಗ್ ಸರದಿ ಬರುವ ಮೊದಲೇ ಆಟ ಮುಗಿಯಿತು. ಅಗ್ರ ದರ್ಜೆಯಲ್ಲಿ ಅವನು ಆಡಿದ್ದು ಅಷ್ಟೇ. ಒಂದೇ ಒಂದು ಚೆಂಡನ್ನೂ ಎದುರಿಸಲಿಲ್ಲ. ಮುಂದೆ ವೈದ್ಯನಾಗಿ ಮಿನೆಸೋಟದ ಚಿಶಮ್ ಎಂಬ ಗಣಿ ಊರಿನಲ್ಲಿ ಶಾಲಾ ಮಕ್ಕಳನ್ನು ನೋಡಿಕೊಳ್ಳುತ್ತ ಬದುಕಿ 1965ರಲ್ಲಿ ತೀರಿಕೊಂಡ. ಅವನು ಸತ್ತ ಎಷ್ಟೋ ವರ್ಷಗಳ ಮೇಲೆ ಒಬ್ಬ ಕಾದಂಬರಿಕಾರ ದಾಖಲೆ ಪುಸ್ತಕದಲ್ಲಿ ಆ ಒಂದು ಸಾಲನ್ನು ನೋಡಿದ. ಯಾರಿವನು ಎಂದು ಹುಡುಕಿಕೊಂಡು ಹೋದ. ಅದು ಕಾದಂಬರಿಯಾಯಿತು, 1989ರಲ್ಲಿ ಸಿನಿಮಾ ಆಯಿತು. ಆ ವೈದ್ಯನ ಪಾತ್ರವನ್ನು ಹೆಸರಾಂತ ನಟ ಬರ್ಟ್ ಲ್ಯಾಂಕಾಸ್ಟರ್ ಮಾಡಿದರು. ಒಂದೇ ಸಾಲಿನ ಆಟಗಾರ ಇಂದು ಆ ದೇಶದ ಮನೆಮಾತು. ಕಾರಣ ಇಷ್ಟೇ: ಒಬ್ಬನು ಆ ಸಾಲಿನ ಮೇಲೆ ಗೆರೆ ಎಳೆಯದೆ, ಅದರ ಮುಂದೆ ಒಂದು ಪ್ರಶ್ನೆ ಬರೆದ.

ನಾನು ಗೆರೆ ಎಳೆದವನು.

ಕಳೆದ ಚಳಿಗಾಲದಲ್ಲಿ ಮತ್ತೆ ಆ ದಾರಿಯಲ್ಲಿ ಹೋಗಿದ್ದೆ. ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಸ್ವಲ್ಪ ಹೊತ್ತು ನಿಂತೆ. ಹೊಯ್ಸಳ ಶಿಲ್ಪಿ ಮಲ್ಲಿತಮ್ಮ ಕೆಲಸ ಮಾಡಿದ ಗುಡಿ ಅದು. ಅಲ್ಲಿಂದ ಹಳೇಬೀಡಿಗೆ. ಹೊಯ್ಸಳೇಶ್ವರದ ಗೋಡೆಯ ಕೆಳಸಾಲಿನಲ್ಲಿ ಆನೆಗಳ ಮೆರವಣಿಗೆಯಿದೆ. ದೇವರನ್ನು ನೋಡಲು ಬಂದವರ ಕಣ್ಣು ಮೇಲಿರುತ್ತದೆ, ಆನೆಗಳು ಮೊಣಕಾಲಿನ ಮಟ್ಟದಲ್ಲಿರುತ್ತವೆ. ಆದರೂ ಶಿಲ್ಪಿಗಳು ಅವನ್ನು ಅಚ್ಚೊತ್ತಿದಂತೆ ಮಾಡಿ ಬಿಡಲಿಲ್ಲ. ಒಂದೊಂದಕ್ಕೂ ಒಂದೊಂದು ಚಲನೆ ಕೊಟ್ಟರು. ಬೇಲೂರಿನಲ್ಲಂತೂ ಶಿಲ್ಪಗಳ ಅಡಿಯಲ್ಲಿ ಅವನ್ನು ಕಡೆದವರ ಹೆಸರುಗಳಿವೆ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ. 1117ರಲ್ಲಿ ಗುಡಿ ಕಟ್ಟಿಸಿದ ವಿಷ್ಣುವರ್ಧನನ ಹೆಸರು ಉಳಿಯುವುದು ಸಹಜ. ಉಳಿ ಹಿಡಿದವರ ಹೆಸರೂ ಉಳಿದದ್ದು ಯಾರೋ ಅದನ್ನು ಬರೆದಿಟ್ಟಿದ್ದರಿಂದ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಜಗತ್ತು ಆ ಹೆಸರುಗಳನ್ನೂ ಓದಿತು.

ಬಾಲಣ್ಣನವರ ಮಟ್ಟಿಗೆ ಚಿಂತೆಯಿಲ್ಲ. ಅವರ ಮುಖ, ಅವರ ದನಿ ರೀಲುಗಳಲ್ಲಿ ಉಳಿದಿವೆ. ಯಾವುದೋ ಭಾನುವಾರ ಮಧ್ಯಾಹ್ನ ಮನೆಯ ಟೆಲಿವಿಷನ್ ಹಾಕಿದರೆ ರಾಚೂಟಪ್ಪ ಬಂದು ನಿಲ್ಲುತ್ತಾನೆ. ಆಟಗಾರನ ಕೆಲಸ ಹಾಗಲ್ಲ. ಅದು ನಡೆದ ದಿನವೇ ಮುಗಿದುಹೋಗುತ್ತದೆ. ನೋಡಿದವರು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಊರಿನಲ್ಲೂ ಒಬ್ಬ ಜಾನ್ಸನ್ ಇರಬಹುದು. ರಾಜ್ಯಕ್ಕೆ ಒಂದೇ ಪಂದ್ಯ ಆಡಿದ ಕಬಡ್ಡಿ ಆಟಗಾರ, ಒಂದೇ ಸಿನಿಮಾದಲ್ಲಿ ಮುಖ ತೋರಿಸಿ ಮತ್ತೆ ಅಂಗಡಿಯಲ್ಲಿ ಕೂತ ನಾಟಕದ ಮನುಷ್ಯ. ಎಷ್ಟು ಸಲ ಎಂದು ಕೇಳುವ ಮೊದಲು, ಆ ದಿನ ಹೇಗಿತ್ತು ಎಂದು ಅವರನ್ನು ಕೇಳಿ. ಒಂದು ಹಾಳೆಯಲ್ಲಿ ಬರೆದಿಡಿ, ತಾರೀಖು ಹಾಕಿ. ಮುಂದಿನ ಸಲ ನೋಡೋಣ ಎನ್ನಬೇಡಿ.

ನನ್ನ ಆ ಹಳೆಯ ನೋಟ್‌ಬುಕ್ಕು ಇನ್ನೂ ಇದೆ. ಗೆರೆ ಎಳೆದ ಹೆಸರನ್ನು ಅದರ ಕೆಳಗೆ ಮತ್ತೆ ಬರೆದಿದ್ದೇನೆ. ಚಿಕ್ಕಪ್ಪನಿಗೆ ಈಗ ಎಂಬತ್ತು ದಾಟಿದೆ. ಈ ಪುಸ್ತಕ ಅಚ್ಚಾದ ಮೇಲೆ ಒಂದು ಪ್ರತಿಯನ್ನು ಅರಸೀಕೆರೆಗೆ ತೆಗೆದುಕೊಂಡು ಹೋಗಿ, ಅದೇ ಜಗುಲಿಯ ಮೇಲೆ ಕೂತು ಅವರಿಗೆ ಓದಿ ಹೇಳಬೇಕೆಂದಿದ್ದೇನೆ.